ಮಗುವಿಗೆ ಹಾಲು ಬಿಡಿಸಲು ಅರೆದ ಬೇವು

ಆಗ ನನಗೆ ಅರವತ್ತೆಂಟು. ಈಗ್ಗೆ ನಾಲ್ಕು ವರ್ಷದ ಮಾತು. ದಾಸರಹಳ್ಳಿಯ ವಠಾರದಲ್ಲಿ ನಾನು, ಮಗ, ಸೊಸೆ, ಹತ್ತು ತಿಂಗಳ ಮೊಮ್ಮಗಳು ಇದ್ದೆವು. ಸೋಮವಾರದಿಂದ ಸೊಸೆ ಪೀಣ್ಯದ ಗಾರ್ಮೆಂಟ್ಸಿಗೆ ವಾಪಸು ಹೋಗಬೇಕು. ಮಗು ಎದೆಹಾಲು ಬಿಟ್ಟು ಬೇರೇನೂ ಮುಟ್ಟದು. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಬೀಸಿ, ಬಟ್ಟೆಯಲ್ಲಿ ಸೋಸಿ, ಆ ಹಿಟ್ಟಿನಲ್ಲಿ ಕೂಸಿನ ಗಂಜಿ, ರಾಗಿ ಸರಿ ಕಾಯಿಸಿದ್ದೆ. ನನ್ನ ಮುಖಕ್ಕೇ ಉಗುಳಿತು.

ನಮ್ಮಲ್ಲಿ ಇದಕ್ಕೊಂದು ದಾರಿ ಇದೆ. ಬೇವಿನ ಸೊಪ್ಪು ಅರೆದು ತಾಯಿಯ ಮೊಲೆಗೆ ಹಚ್ಚುವುದು. ಮಗು ಬಾಯಿಡುತ್ತದೆ, ಕಹಿಗೆ ಅಳುತ್ತದೆ, ಹಸಿವಾದಾಗ ರಾಗಿ ಸರಿ ತಿನ್ನುತ್ತದೆ. ನನ್ನ ಐದು ಮಕ್ಕಳಿಗೂ ಹಾಗೇ ಬಿಡಿಸಿದ್ದು, ಯಾರೂ ಸಾಯಲಿಲ್ಲ. ಭಾನುವಾರ ಸಂಜೆ ಬೇವು ಅರೆದಿಟ್ಟೆ. ಸೊಸೆ ಮಗುವನ್ನು ಅವುಚಿಕೊಂಡು ಗೋಡೆಗೆ ತಿರುಗಿ ಕೂತಳು.

"ಇವತ್ತೊಂದಿನ ಬ್ಯಾಡ ಅತ್ತೆ."

"ನಾಳೆ ಮಗೀನ ಮಿಷಿನ್ ಮೇಲೆ ಕೂರಿಸ್ಕೊಂಡು ಬಟ್ಟೆ ಒಲಿತೀಯಾ?"

ಪಕ್ಕದ ಮನೆಯಲ್ಲಿ ದಾವಣಗೆರೆ ಕಡೆಯ ಮೇಡಂ ಇದ್ದರು. ಕಾಲೇಜಿನಲ್ಲಿ ಬಹಳ ಹಿಂದಿನ ಜನರ ಮೂಳೆ, ಹಲ್ಲುಗಳ ವಿಷಯ ಪಾಠ ಹೇಳುವವರು. ನಮ್ಮ ಜಗಳ ಕೇಳಿ ಬಂದು ಹೊಸ್ತಿಲ ಬಳಿ ಕೂತರು.

"ಅಜ್ಜಿ, ಹೊಲ ಮಾಡೋದು ಕಲಿಯೋಕಿಂತ ಮುಂಚೆ ಮಂದಿ ಅಡವಿಯಾಗ ಆರಿಸ್ಕೊಂಡು, ಬೇಟೆ ಆಡ್ಕೊಂಡು ತಿಂತಿದ್ರು. ಕೂಸಿಗೆ ಮೆತ್ತನ್ನ ಊಟ ಎಲ್ಲಿ ಸಿಗ್ಬೇಕು? ಮೂರು ವರ್ಷ ಆದ್ರೂ ಹಾಲು ಕುಡಸ್ತಿದ್ರು. ಕಾಳು ಬೆಳೆದು ಗಂಜಿ ಕಾಸೋಕೆ ಸುರು ಮಾಡಿದ್ ಮ್ಯಾಲೆ ಬೇಗ ಬಿಡಿಸಿದ್ರು. ಬೇಗ ಬಿಡಿಸಿದ್ರೆ ಬೇಗ ಇನ್ನೊಂದು ಬಸಿರು."

"ಅದುಕ್ಕೆ ಮೂಳೆ ಯಾಕವ್ವಾ ನೋಡ್ಬೇಕು? ನನ್ನ ಕೇಳಿದ್ರೆ ಯೋಳ್ತಿರ್ಲಿಲ್ವಾ."

ಸೊಸೆ ನಕ್ಕಳು. ಆ ವಾರದಲ್ಲಿ ಅವಳು ನಕ್ಕಿದ್ದು ಅದೇ ಮೊದಲು.

"ಅವ್ರೂ ಇಂಗೇ ಒಂದೇ ದಿನಕ್ಕೆ ಬಿಡುಸ್ತಿದ್ರಾ?" ಎಂದು ಕೇಳಿದೆ.

"ಇಲ್ಲಜ್ಜಿ. ಕೂಸುಗಳು ಗಂಜಿನೂ ತಿಂತಿದ್ವು, ಎದಿಹಾಲೂ ಕುಡೀತಿದ್ವು. ನಿಧಾನಕ್ಕ ಬಿಡ್ತಿದ್ವು. ಆಗಿನವರ ಹಲ್ಲು ಪರೀಕ್ಷೆ ಮಾಡಿದ್ರ ಗೊತ್ತಾಗುತ್ತ."

ಮೇಡಂ ಎದ್ದು ಹೋದರು. ಮಗು ತಾಯಿಯ ಸೆರಗಿನೊಳಗೆ ಮೂಗು ತೂರಿಸಿ, ಕಾಲಾಡಿಸುತ್ತ ಕುಡಿಯುತ್ತಿತ್ತು. ಸೊಸೆ ನನ್ನ ಕಡೆ ನೋಡಲಿಲ್ಲ, ಅದರ ಪಾದ ಹಿಡಿದುಕೊಂಡಿದ್ದಳು. ನಾನು ಅರೆದ ಬೇವನ್ನು ಮೋರಿಗೆ ಚೆಲ್ಲಿ ಕೈ ತೊಳೆದೆ.

"ಸಂಜೆ ಬಂದು ಕುಡ್ಸು. ಅಗಲೊತ್ತು ನಂಗೆ ಬಿಡು," ಎಂದೆ.

ಮಾರನೇ ಬೆಳಗ್ಗೆ ತೆಳ್ಳಗೆ ಸರಿ ಕಾಯಿಸಿ ಆರಿಸಿದೆ. ಸೊಸೆ ಬಸ್ಸಿಗೆ ಹೊರಡುವ ಮುಂಚೆ ಅವಳ ಹಾಲನ್ನೇ ಸ್ವಲ್ಪ ಬಟ್ಟಲಿಗೆ ಹಿಂಡಿಸಿ, ಸರಿಯನ್ನು ಅದರಲ್ಲಿ ಕಲಸಿ, ಬೆರಳಿನಲ್ಲಿ ಮಗುವಿಗೆ ನೆಕ್ಕಿಸಿದೆ.