ಕತ್ತರಿಯಕ್ಕನ ಹಾರುವ ಭಾನುವಾರಗಳು

ಆ ಬೀದಿಯಲ್ಲಿ ಅವಳಿಗೆ ಕತ್ತರಿಯಕ್ಕ ಎಂದೇ ಹೆಸರು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ; ಯಾರೋ ಹೊಲಿದದ್ದನ್ನು ಸರಿಮಾಡಿಕೊಡುತ್ತಿದ್ದಳು. ಉದ್ದದ ಪ್ಯಾಂಟು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಸಡಿಲಿಸುವುದು, ಹಲ್ಲು ಬಿಟ್ಟ ಜಿಪ್ಪು ಬದಲಿಸುವುದು. ಯಾವ ಗಂಡಸಿನ ಹೊಟ್ಟೆ ಈ ವರ್ಷ ಎಷ್ಟು ಮುಂದೆ ಬಂದಿದೆ ಎಂಬುದು ಅವನ ಹೆಂಡತಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು. ಆದರೆ ಬಾಯಿ ಬಿಡುತ್ತಿರಲಿಲ್ಲ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವವಳು ಬಿಡುವುದಾದರೂ ಹೇಗೆ?

ಅವಳ ಗಂಡ ಒಂದು ಟೈಲ್ಸ್ ಶೋರೂಮಿನ ಮ್ಯಾನೇಜರ್. ಮಾಲೀಕರು ಒಮ್ಮೆ ಅವನನ್ನು ಆಚೆ ಊರಿನ ಮಳಿಗೆಗೆ ವಿಮಾನದಲ್ಲಿ ಕಳಿಸಿದ್ದರು. ಸಾಮಾನ್ಯ ಸೀಟು ತುಂಬಿಹೋಗಿದ್ದರಿಂದ ವಿಮಾನದವರು ಅವನನ್ನು ಮುಂದೆ, ಬಿಸಿನೆಸ್ ಕ್ಲಾಸಿನಲ್ಲಿ ಕೂರಿಸಿದರು. ಅಲ್ಲಿಗೆ ಆ ಮನುಷ್ಯ ಕೈತಪ್ಪಿದ. ಬಿಸಿ ಟವೆಲ್ಲು ಕೊಟ್ಟರಂತೆ, ಕೋಟು ಈಸಿಕೊಂಡು ನೇತುಹಾಕಿದರಂತೆ, ಹೆಸರು ಹಿಡಿದು 'ಸರ್' ಅಂದರಂತೆ. ಮನೆಯಲ್ಲಿ ಅವನ ಕೋಟನ್ನು ಹದಿನೈದು ವರ್ಷದಿಂದ ಈಸಿಕೊಂಡು ನೇತುಹಾಕುತ್ತಿದ್ದವಳು ಈ ವರ್ಣನೆಯನ್ನೆಲ್ಲ ಒಲೆಯ ಮುಂದೆ ನಿಂತು ಕೇಳಿದಳು.

ಆಮೇಲೆ ಅವನಿಗೆ ಮೈಲಿಯ ಹುಚ್ಚು ಹತ್ತಿತು. ಹಾರಿದಷ್ಟಕ್ಕೂ ವಿಮಾನದವರು ಖಾತೆಗೆ ಮೈಲಿ ಬರೆಯುತ್ತಾರೆ; ವರ್ಷದೊಳಗೆ ಸಾಕಷ್ಟು ಕೂಡಿಸಿದರೆ ಚಿನ್ನದ ಕಾರ್ಡು ಸಿಗುತ್ತದೆ. ಬಿಸಿನೆಸ್ ಕ್ಲಾಸಿನಲ್ಲಿ ಕೂತರೆ, ಮೇಲೇರಿ ಕೆಳಗಿಳಿಯುವಷ್ಟೇ ಹೊತ್ತಿನ ಪ್ರಯಾಣಕ್ಕೂ ದಂಡಿಯಾಗಿ ಮೈಲಿ ಬೀಳುತ್ತದೆ ಎಂಬ ಗುಟ್ಟು ಅವನಿಗೆ ಎಲ್ಲೋ ಸಿಕ್ಕಿತು. ಅಂದಿನಿಂದ ಭಾನುವಾರ ಬಂತೆಂದರೆ ಆಚೆ ಊರಿಗೆ ಹಾರುವುದು, ಅಲ್ಲಿ ನಿಲ್ದಾಣದಿಂದ ಹೊರಗೆ ಕಾಲಿಡದೆ ಅದೇ ವಿಮಾನ ಹತ್ತಿ ವಾಪಸು ಬರುವುದು. ಮತ್ತೆ ಹೋಗುವುದು, ಮತ್ತೆ ಬರುವುದು.

"ಆ ಊರಲ್ಲಿ ಏನಿದೆಯೋ?" ಎಂದು ಅವನ ತಾಯಿ ಒಮ್ಮೆ ಕೇಳಿದರು.

"ಯಾರಿಗ್ಗೊತ್ತಮ್ಮ, ನಾನೇನು ನೋಡಿದೀನಾ?"

"ಮತ್ಯಾಕೋ ಹೋಗ್ತೀಯ?"

"ವಾಪಸ್ ಬರೋಕೆ."

ಅತ್ತೆ ರೇಡಿಯೋ ಜೋರು ಮಾಡಿದರು. ಮಂಡಿನೋವಿನಿಂದ ಕಿಟಕಿ ಪಕ್ಕದ ಕುರ್ಚಿ ಬಿಟ್ಟು ಏಳದ ಅವರಿಗೆ ಅದೊಂದೇ ಆಯುಧ.

ಹಾರುವವನು ಅವನಾದರೂ ಓಡಾಟವೆಲ್ಲ ಇವಳದೇ. ಗ್ಯಾಸು, ಕರೆಂಟು, ಮಗಳ ಶಾಲೆ, ಎಲ್ಲಕ್ಕೂ ಕೊಟ್ಟ ಹಾಗೆ ಮೈಲಿ ಖಾತೆಗೂ ಅವನು ಇವಳ ಫೋನ್ ನಂಬರನ್ನೇ ಕೊಟ್ಟಿದ್ದ. "ಒಟಿಪಿ ಬಂತೇನೇ?" ಎಂದು ಅವನು ಸೋಫಾದಿಂದ ಕೂಗುವುದು, ಇವಳು ಹಿಟ್ಟಿನ ಕೈಯಲ್ಲೇ ಮೊಣಕೈಯಿಂದ ಫೋನ್ ಒತ್ತಿ ಅಂಕಿಗಳನ್ನು ಓದಿ ಹೇಳುವುದು. ಚೆಕ್-ಇನ್ ಇವಳೇ ಮಾಡುವುದು, ಶರ್ಟು ಇವಳೇ ಇಸ್ತ್ರಿ ಹಾಕುವುದು, ಬೀಳದ ಮೈಲಿಗಾಗಿ ವಿಮಾನದವರಿಗೆ ದೂರು ಬರೆಯುವುದೂ ಇವಳೇ. ಅವನು ಸಂಜೆ ಬಂದು ಸೋಫಾದ ಮೇಲೆ ಉರುಳಿ, "ಅಬ್ಬ, ಮೈ ಹಣ್ಣಾಯ್ತು. ನಿಮಗೇನು, ಆರಾಮಾಗಿ ಮನೇಲಿರ್ತೀರ" ಎನ್ನುತ್ತಿದ್ದ. ಜೇಬಿನಿಂದ ಹೆಬ್ಬೆರಳಿನಷ್ಟು ಜಾಮ್ ಶೀಶೆ ತೆಗೆದು ಮಗಳಿಗೆ ಕೊಡುತ್ತಿದ್ದ. ಜಾಮ್ ಶೀಶೆಗಳು ಅಡುಗೆಮನೆಯ ಶೆಲ್ಫಿನಲ್ಲಿ ಸೈನ್ಯದಂತೆ ನಿಂತವು. ಒರೆಸುವವಳು ಇವಳು.

ಮಳೆಗಾಲದ ಹೊತ್ತಿಗೆ ವಿಮಾನದವರು ಹೊಸ ಯೋಜನೆ ಬಿಟ್ಟರು. ಒಂದು ಟಿಕೆಟ್ ಕೊಂಡರೆ ಜೊತೆಗಾರರಿಗೆ ಅರ್ಧಕ್ಕೂ ಕಡಿಮೆ. ಜೊತೆಗಾರರಿಗೆ ಬೀಳುವ ದುಪ್ಪಟ್ಟು ಮೈಲಿಯನ್ನು ಮನೆಯ ಖಾತೆಗೆ ಸೇರಿಸಿಕೊಂಡು ಪುಕ್ಕಟೆ ಟಿಕೆಟ್ ಪಡೆಯಬಹುದು; ಕಾರ್ಡಿನ ಲೆಕ್ಕ ಮಾತ್ರ ಅವರವರ ಹೆಸರಿಗೇ.

"ಭಾನುವಾರ ನೀನೂ ಬರ್ಬೇಕು" ಎಂದ ಗಂಡ, ಸಂತೆಗೆ ಚೀಲ ತರಬೇಕು ಎನ್ನುವ ದನಿಯಲ್ಲಿ. "ಮಜಾ ಮಾಡೋಕಲ್ಲ, ಕೆಲಸ ಇದು. ತಿಳ್ಕೋ."

ಅವಳು ವಿಮಾನ ಹತ್ತಿದವಳೇ ಅಲ್ಲ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಭಾನುವಾರ ಮನೆ ಬಿಟ್ಟವಳೇ ಅಲ್ಲ. ಶನಿವಾರವೇ ಎರಡು ಹೊತ್ತಿನ ಅಡುಗೆ ಮಾಡಿ ಡಬ್ಬಿಗೆ ತುಂಬಿದಳು. ಅತ್ತೆಯ ಮಾತ್ರೆಗಳನ್ನು ಬಟ್ಟಲಿಗೆ ಹಾಕಿದಳು. ಮಗಳ ಯೂನಿಫಾರ್ಮ್ ಒಗೆದು ಹಾಕಿ, ಮಳೆ ಬಂದರೆ ಒಳಗೆ ತೆಗೆಯಬೇಕೆಂದು ಆ ಹುಡುಗಿಗೆ ಎರಡು ಸಲ ಹೇಳಿದಳು. ಒಬ್ಬ ಹೆಂಗಸು ಒಂದು ದಿನ ಮನೆಯಲ್ಲಿ ಇಲ್ಲದಿರಲು ಎರಡು ದಿನದ ಕೆಲಸ ಹಿಡಿಯಿತು.

ವಿಮಾನದಲ್ಲಿ ಗಂಡ ಅವಳಿಗೆ ಪಾಠ ಶುರುಮಾಡಿದ. ಟವೆಲ್ಲು ಹೀಗೆ ಬಿಡಿಸಬೇಕು, ತಟ್ಟೆ ಹಾಗೆ ಹಿಡಿಯಬೇಕು. ಅವಳು ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಇದ್ದುಬಿಟ್ಟಳು. ಗಗನಸಖಿ ಬಾಗಿ, "ನಿಮಗೇನು ಬೇಕು ಮೇಡಂ?" ಎಂದಳು.

ಕತ್ತರಿಯಕ್ಕ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಅವಳಿಗೆ ಏನಾದ್ರೂ ನಡೆಯುತ್ತೆ" ಎಂದ ಗಂಡ.

"ಮೇಡಂನ ಕೇಳಿದೆ ಸರ್" ಎಂದಳು ಗಗನಸಖಿ, ನಗು ಒಂದಿಷ್ಟೂ ಕದಲದೆ.

ಅವಳಿಗೆ ನಿಜವಾಗಿ ಹಿಡಿಸಿದ್ದು ಆ ಉಪಚಾರವಲ್ಲ, ಟವೆಲ್ಲೂ ಅಲ್ಲ. ಸ್ವಲ್ಪ ಹೊತ್ತಿಗೆ ಮೈಕಿನಲ್ಲಿ ಒಂದು ಹೆಣ್ಣುದನಿ ಹೇಳಿತು: ಪಟ್ಟಿ ಬಿಗಿದುಕೊಳ್ಳಿ, ಫೋನ್ ಆರಿಸಿ, ಹೇಳುವ ತನಕ ದಯವಿಟ್ಟು ಏಳಬೇಡಿ. ಅವಳ ಜೀವಮಾನದಲ್ಲಿ ಏಳು, ಎದ್ದೆಯಾ, ಇನ್ನೂ ಎದ್ದಿಲ್ಲವಾ ಎಂದವರೇ ಎಲ್ಲರೂ. ಏಳಬೇಡ ಎಂದು ಕಾನೂನು ಹಾಕಿ ಕೂರಿಸಿದವರು ಇವರೇ ಮೊದಲು. ಅವಳು ಪಟ್ಟಿಯನ್ನು ಇನ್ನೊಂದಿಷ್ಟು ಬಿಗಿದುಕೊಂಡಳು. ವಿಮಾನ ಮೋಡ ದಾಟುವ ಮೊದಲೇ ನಿದ್ದೆ ಹೋಗಿದ್ದಳು.

"ಇಷ್ಟು ದುಡ್ಡು ಸುರಿದು ಮಲಗೋಕೆ ಬಂದ್ಯಾ?" ಎಂದು ಗಂಡ ಇಳಿಯುವಾಗ ಗೊಣಗಿದ.

"ಮಲಗಿದ್ರೆ ಮೈಲಿ ಕಡಿಮೆ ಬೀಳುತ್ತಾ ರೀ?"

ಅವನು ಯೋಚಿಸಿದ. ಇಲ್ಲ, ಬೀಳುವುದಿಲ್ಲ.

ಹೀಗೆ ಭಾನುವಾರಗಳು ಹಾರಿದವು. ಅವನು ಕಿಟಕಿ ಪಕ್ಕ ಕೂತು ಮೈಲಿ ಎಣಿಸುತ್ತಿದ್ದ. ಅವಳು ನಿದ್ದೆ ಮಾಡುತ್ತಿದ್ದಳು, ಇಲ್ಲವೇ ಸುಮ್ಮನೆ ಕೂರುತ್ತಿದ್ದಳು. ಸುಮ್ಮನೆ ಕೂರುವುದು ಅವಳಿಗೆ ಅಷ್ಟು ಸುಲಭಕ್ಕೆ ಬರಲಿಲ್ಲ. ಮೊದಮೊದಲು ಕೈ ತಾನಾಗಿ ಮುಂದಿನ ಸೀಟಿನ ಎಳೆಗಳನ್ನು ನೇವರಿಸುತ್ತಿತ್ತು, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಗಗನಸಖಿಗೆ ಕೊಡುತ್ತಿತ್ತು. ವರ್ಷದ ಕೊನೆಗೆ ಬರುವಷ್ಟರಲ್ಲಿ ಕೈಗೂ ಅಭ್ಯಾಸವಾಯಿತು. ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿರುತ್ತಿತ್ತು.

ಆಗ ಒಂದು ಸೋಮವಾರ ಅವನ ಚಿನ್ನದ ಕಾರ್ಡು ಬಂತು. ಶೋರೂಮಿನಲ್ಲಿ ಸಿಹಿ ಹಂಚಿದ. ಮನೆಗೆ ಬಂದು ಕಾರ್ಡನ್ನು ತಾಯಿಯ ಕೈಗಿಟ್ಟ. ಅವರು ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿ, "ಪ್ಲಾಸ್ಟಿಕ್ಕು" ಎಂದು ಹಿಂದಕ್ಕೆ ಕೊಟ್ಟರು.

"ಸದ್ಯ, ಮುಗೀತು" ಎಂದ ಅವನು ಕಾಲು ಚಾಚಿ. "ಇನ್ನು ಈ ವರ್ಷ ಹಾರೋ ಕಷ್ಟ ಇಲ್ಲ. ಮುಂದಿನ ಭಾನುವಾರದಿಂದ ನೀನೂ ಮನೇಲಿ ಆರಾಮಾಗಿರು."

ಅವಳ ಕೈಯಲ್ಲಿದ್ದ ಸೌಟು ನಿಂತಿತು. ಮನೆ ಮತ್ತು ಆರಾಮು ಎರಡನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿದ್ದ. ಭಾನುವಾರ ಹೋಯಿತೆಂದರೆ ಎಲ್ಲ ಹೋದ ಹಾಗೆ ಎಂದು ಅವಳಿಗೆ ಆ ಕ್ಷಣಕ್ಕೆ ಗೊತ್ತಾಯಿತು. ಚಿನ್ನದ ಕಾರ್ಡಿಗೆ ಅವಳಿಗೆ ಇನ್ನು ಒಂದು ಸಲ ಹೋಗಿ ಬರುವಷ್ಟು ಮಾತ್ರ ಕಡಿಮೆಯಿತ್ತು. ಖಾತೆ ನೋಡಿಕೊಳ್ಳುವವಳೇ ಅವಳಾದ್ದರಿಂದ ಅದು ಅವಳಿಗೆ ಮಾತ್ರ ಗೊತ್ತಿತ್ತು.

"ನಂದೊಂದು ಸುತ್ತು ಬಾಕಿ ಇದೆ" ಎಂದಳು.

"ಒಂದು ಮನೆಗೆ ಎರಡು ಚಿನ್ನದ ಕಾರ್ಡ್ ಯಾಕೆ? ನನ್ನ ಹತ್ರ ಇದ್ರೆ ನಿನ್ನ ಹತ್ರ ಇದ್ದ ಹಾಗೇ ಅಲ್ವಾ?"

"ಹಾಗಾದ್ರೆ ನಾನು ಪಾತ್ರೆ ತೊಳೆದ್ರೆ ನೀವು ತೊಳೆದ ಹಾಗಾ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಒಂಥರಾ ಹಾಗೇ ಅಲ್ವಾ?"

ಕಿಟಕಿ ಪಕ್ಕ ರೇಡಿಯೋ ಆರಿತು. ಅತ್ತೆ ಈ ಜಗಳವನ್ನು ಪೂರ್ತಿ ಕೇಳಬೇಕೆಂದು ನಿರ್ಧರಿಸಿದ್ದರು. ಕತ್ತರಿಯಕ್ಕ ಸೌಟು ಕೆಳಗಿಟ್ಟು ಫೋನ್ ಒತ್ತುತ್ತಿದ್ದಳು.

"ಕಾರ್ಡ್ ಇದ್ರೆ ಮುಂದಿನ ವರ್ಷ ಏನು ಸಿಗುತ್ತೆ, ನೀವೇ ಹೇಳಿದ್ರಲ್ಲ. ಸಾಮಾನ್ಯ ಟಿಕೆಟ್ ತಗೊಂಡ್ರೂ ಜಾಗ ಇದ್ರೆ ಮುಂದೆ ಕೂರಿಸ್ತಾರೆ, ಲೌಂಜಿಗೆ ಬಿಡ್ತಾರೆ. ನಂಗೆ ಅದು ಬೇಕು. ಟಿಕೆಟ್ ನನ್ನ ಅಂಗಡಿ ದುಡ್ಡಲ್ಲಿ ಆಗ್ಲೇ ತಗೊಂಡಾಯ್ತು."

"ತಗೊಂಡಾಯ್ತಾ? ಯಾವಾಗ?"

"ಈಗ. ಒಟಿಪಿ ನನ್ನ ಫೋನಿಗೇ ಬರುತ್ತಲ್ಲ."

"ಅಲ್ಲ, ಭಾನುವಾರ ಮನೆ ಯಾರು ನೋಡ್ಕೋತಾರೆ?"

"ಹಾರೋ ಕಷ್ಟ ಮುಗಿದವರು."

ಆ ಶನಿವಾರ ಅವಳು ಅಡುಗೆ ಮಾಡಿಡಲಿಲ್ಲ. ಮರೆತಳೇನೋ ಎಂದು ಅವನು ಎರಡು ಮೂರು ಸಲ ಅಡುಗೆಮನೆಗೆ ಹೋಗಿ ಕೆಮ್ಮಿ ಬಂದ. ಅವಳು ಯಾರದೋ ಕೋಟಿನ ತೋಳು ಗಿಡ್ಡ ಮಾಡುತ್ತ ಕೂತಿದ್ದಳು, ಬಾಯಲ್ಲಿ ಗುಂಡುಸೂಜಿ.

ಭಾನುವಾರ ಬೆಳಿಗ್ಗೆ ಅವಳು ಸೀಟಿನಲ್ಲಿ ಕೂರುವಷ್ಟರಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಉಪ್ಪಿನ ಡಬ್ಬಿ ಎಲ್ಲಿದೆ? ಅಮ್ಮನ ಮಾತ್ರೆಯಲ್ಲಿ ಬಿಳಿಯದು ಮೊದಲೋ ಹಳದಿಯದೋ? ವಾಷಿಂಗ್ ಮೆಷೀನ್ ಕುಣಿಯುತ್ತಾ ಬಾಗಿಲ ತನಕ ಬಂದಿದೆ, ಅದು ಹಾಗೆ ಬರುತ್ತದಾ?

"ಒಂದೇ ಕಡೆ ಬಟ್ಟೆ ಗುಡ್ಡೆಯಾಗಿದೆ. ನಿಲ್ಲಿಸಿ, ಹರಡಿ ಹಾಕಿ" ಎನ್ನುವಷ್ಟರಲ್ಲಿ ಮೈಕು ಮಾತಾಡಿತು. "ಫೋನ್ ಆರಿಸಬೇಕಂತೆ ರೀ. ಕಾನೂನು" ಎಂದಳು, ಆರಿಸಿದಳು. ಹಾಗೆ ಹೇಳುವಾಗ ತನ್ನ ದನಿಯಲ್ಲಿ ಬೇಸರ ತೋರಿಸಲು ಅವಳು ನಿಜವಾಗಿಯೂ ಪ್ರಯತ್ನಪಟ್ಟಳು.

ಆಚೆ ಊರಿನಲ್ಲಿ ಇಳಿದು ವಾಪಸಿನ ವಿಮಾನಕ್ಕೆ ಗೇಟಿನ ಬಳಿ ನಿಂತಾಗ ತಕರಾರಾಯಿತು. ದೊಡ್ಡ ವಿಮಾನ ಕೆಟ್ಟು ಸಣ್ಣದು ಬಂದಿತ್ತು. ಮುಂದಿನ ಸಾಲುಗಳಲ್ಲಿ ಒಂದು ಸೀಟು ಸಾಲದು. ಕೌಂಟರಿನ ಹುಡುಗಿ, ಯಾರಾದರೂ ಮನಸ್ಸು ಮಾಡಿ ನಾಳೆ ಮಧ್ಯಾಹ್ನದ ವಿಮಾನಕ್ಕೆ ಹೋಗಬಹುದೇ ಎಂದು ಕೇಳಿದಳು. ರಾತ್ರಿಗೆ ಹೋಟೆಲು, ಊಟ ವಿಮಾನದವರದು. ಮೇಲೆ ಒಂದು ಹಿಡಿ ಮೈಲಿ ಉಡುಗೊರೆ.

ಇಂಥ ಒಂದು ಕರೆಗಾಗಿ ಗಂಡ ವರ್ಷವಿಡೀ ಗೇಟುಗಳಲ್ಲಿ ಬಕಪಕ್ಷಿಯಂತೆ ಕಾದಿದ್ದ. ಒಂದು ಸಲವೂ ಬಂದಿರಲಿಲ್ಲ. ಮೈಲಿ ಕೂಡಿಸುವವರಿಗೆ ಅದು ಲಾಟರಿ. ಸಾಲಿನಲ್ಲಿದ್ದ ಕೋಟಿನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು; ಎಲ್ಲರಿಗೂ ಸೋಮವಾರ ಆಫೀಸಿತ್ತು. ಕತ್ತರಿಯಕ್ಕನಿಗೂ ಸೋಮವಾರವಿತ್ತು. ಮಗಳ ತಿಂಡಿ, ಅತ್ತೆಯ ಸ್ನಾನ, ತೋಳು ಗಿಡ್ಡವಾದ ಕೋಟು. ತಾನಿಲ್ಲದೆ ಆ ಮನೆಯಲ್ಲಿ ಒಂದು ರಾತ್ರಿ ಕಳೆದು ಬೆಳಗಾಗುತ್ತದೆಯೇ? ಬೆಳಗಾಗದಿದ್ದರೆ ಎಂಬ ಹೆದರಿಕೆ ಒಂದು ಕಡೆ. ಆಗಿಬಿಟ್ಟರೆ ಎಂಬ ಹೆದರಿಕೆ, ಅದಕ್ಕಿಂತ ಸ್ವಲ್ಪ ದೊಡ್ಡದು, ಇನ್ನೊಂದು ಕಡೆ.

"ನಾನಿರ್ತೀನಿ" ಎಂದಿತು ಅವಳ ದನಿ.

ಹೋಟೆಲಿನ ಕಾರು ಅವಳನ್ನು ಮೊದಲ ಬಾರಿಗೆ ನಿಲ್ದಾಣದಿಂದ ಹೊರಗೆ ಕರೆದೊಯ್ದಿತು. ಇಷ್ಟು ಸಲ ಬಂದೂ ನೋಡದ ಊರು. ಬೇಕರಿ, ಬ್ಯಾಂಕು, ಸೈಕಲ್ ರಿಪೇರಿ, ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸರು. ತನ್ನ ಊರಿನ ಹಾಗೇ ಇದೆ ಎಂದುಕೊಂಡಳು. ಒಗೆಯುವ ಬಟ್ಟೆ ಮಾತ್ರ ತನ್ನದಲ್ಲ.

ಕೋಣೆಯಿಂದ ಮನೆಗೆ ಫೋನ್ ಮಾಡಿ ವಿಷಯ ಹೇಳಿದಳು. ಸೋಮವಾರ ಬೆಳಗಿನ ತಿಂಡಿ ಮತ್ತು ತನಗೆ ದಕ್ಕದ ಲಾಟರಿ ಅವನೊಳಗೆ ಜಗ್ಗಾಡುತ್ತಿರುವುದು ಅವಳಿಗೆ ಕಾಣುತ್ತಿತ್ತು.

"ಎಷ್ಟು ಕೊಟ್ರು?" ಎಂದ ಕೊನೆಗೆ.

ಹೇಳಿದಳು.

"ಅಷ್ಟಾ?" ಅವನ ಉಸಿರು ಕೇಳಿಸಿತು. "ನಂಗೆ ಒಂದ್ಸಲಾನೂ ಕೇಳ್ಲಿಲ್ಲ ಅವರು. ನಾನು ನಕ್ಕೊಂಡೇ ನಿಂತಿರ್ತಿದ್ದೆ."

"ನಂಗ್ಗೊತ್ತು ರೀ."

"ಹೂಂ ಅಂದಿದ್ದು ಸರಿ. ಬೇಡ ಅಂದಿದ್ರೆ ತಪ್ಪಾಗ್ತಿತ್ತು" ಎಂದ, ತನ್ನ ನಂಬಿಕೆಗೆ ತಾನೇ ಸಿಕ್ಕಿಬಿದ್ದವನ ದನಿಯಲ್ಲಿ. "ಆದ್ರೆ ನಾಳೆ ಇವಳ ಯೂನಿಫಾರ್ಮು..."

ಫೋನು ಕೈ ಬದಲಾಯಿಸಿತು. "ಏನಮ್ಮ, ಹಾಸಿಗೆ ಚೆನ್ನಾಗಿದೆಯಾ?" ಎಂದರು ಅತ್ತೆ.

"ಚೆನ್ನಾಗಿದೆ ಅತ್ತೆ. ನಿಮ್ಮ ಊಟ ಆಯ್ತಾ?"

"ಆಯ್ತು ಅಂತ ಅವನು ಹೇಳ್ತಿದಾನೆ. ಎರಡು ಸಲ ಉಪ್ಪು ಹಾಕಿದ್ದ. ಬೆಳಿಗ್ಗೆ ನನ್ನ ಮಾತ್ರೆ ಬಣ್ಣ ನೋಡ್ಕೊಂಡು ಕೂತಿದ್ದ, ಮಗೂಗೆ ಮಗ್ಗಿ ಕಲಿಸೋ ಹಾಗೆ ನಾನೇ ಕಲಿಸ್ದೆ. ಇಲ್ಲಿ ಯಾರೂ ಸತ್ತಿಲ್ಲ. ನೀನು ಮಲಕ್ಕೋ." ದನಿ ತಗ್ಗಿಸಿದರು. "ಆ ಜೊತೆಗಾರರ ಯೋಜನೆ ಇನ್ನೂ ಇದೆಯಾ? ಮಂಡಿನೋವಿನವರನ್ನ ಕುರ್ಚೀಲಿ ತಳ್ಕೊಂಡು ಹೋಗ್ತಾರಂತಲ್ಲ, ರೇಡಿಯೋದಲ್ಲಿ ಹೇಳಿದ್ರು."

"ಇದೆ ಅತ್ತೆ."

"ಸುಮ್ನೆ ಕೇಳ್ದೆ" ಎಂದು ಅವರು ಫೋನಿಟ್ಟರು.

ಕತ್ತರಿಯಕ್ಕ ಕೋಣೆಯನ್ನೊಮ್ಮೆ ನೋಡಿದಳು. ಹಾಸಿಗೆ ಹಾಸಿತ್ತು, ಲೋಟ ತೊಳೆದಿತ್ತು, ನೆಲ ಒರೆಸಿತ್ತು. ಕಿಟಕಿಯ ಪರದೆಯ ಅಂಚು ಮಾತ್ರ ಒಂದು ಮೊಳದಷ್ಟು ಬಿಚ್ಚಿಕೊಂಡು ಜೋಲುತ್ತಿತ್ತು. ಮೇಜಿನ ಮೇಲೆ, ಸಾಬೂನಿನ ಪಕ್ಕ, ಹೋಟೆಲಿನವರೇ ಇಟ್ಟ ಸೂಜಿದಾರದ ಪುಟ್ಟ ಪೊಟ್ಟಣವಿತ್ತು. ಅವಳ ಕೈ ಅತ್ತ ಹೋಯಿತು. ಪೊಟ್ಟಣ ಬಿಚ್ಚಿ, ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು ನೋಡಿದಳು. ಒಳ್ಳೆಯ ಸೂಜಿ. ಮಡಚಿ ಚೀಲಕ್ಕೆ ಹಾಕಿಕೊಂಡಳು.

ಪರದೆ ಜೋಲುತ್ತಲೇ ಇತ್ತು. ಅವಳು ಚಪ್ಪಲಿ ಬಿಟ್ಟು ಹಾಸಿಗೆಯ ನಟ್ಟನಡುವೆ, ಎರಡೂ ಕಡೆ ಯಾರಿಗೂ ಜಾಗ ಬಿಡದೆ ಮಲಗಿ, ಇನ್ನೂ ಬೆಳಕಿರುವಾಗಲೇ ಕಣ್ಣು ಮುಚ್ಚಿದಳು.