ಲೇತಿನ ಸದ್ದು ದಾಟಿ ಬಂದ ಗಿಟಾರು

ಹೋದ ವಾರ ಚನ್ನಪಟ್ಟಣದ ಹೆದ್ದಾರಿ ಬದಿಯ ಗೊಂಬೆ ಅಂಗಡಿಗೆ ಹೋಗಿದ್ದೆ. ಹಿಂದಿನ ಕೋಣೆಯಲ್ಲಿ ಯಾರೋ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಿದ್ದರು. ಬಿಸಿ ಅರಗಿನ ವಾಸನೆ ಮೂಗಿಗೆ ಬಡಿದಿದ್ದೇ ತಡ, ಪಕ್ಕದ ಮನೆ ಅತ್ತೆ ನೆನಪಾದರು. ಗಿಲಕಿ ಕೊಳ್ಳುವುದು ಬಿಟ್ಟು ಆ ಕೋಣೆಯ ಬಾಗಿಲಿಗೇ ಹೋದೆ...

ರಕ್ತಸಂಬಂಧವೇನೂ ಇರಲಿಲ್ಲ; ಬೀದಿಯ ಹುಡುಗಿಯರಿಗೆಲ್ಲ ಅವರು ಅತ್ತೆಯೇ. ಮನೆಯ ಮುಂಭಾಗದಲ್ಲೇ ಮರ ತಿರುಗಿಸುವ ಲೇತ್ ಯಂತ್ರ ಇಟ್ಟುಕೊಂಡು ಬೆಳಗಿನಿಂದ ಸಂಜೆವರೆಗೆ ಗೊಂಬೆ ಕಡೆಯುತ್ತಿದ್ದರು. ನಾನಾಗ ಡಿಗ್ರಿ ಓದುತ್ತಿದ್ದೆ, ಹಾರ್ಡ್ ರಾಕ್ ಹುಚ್ಚು ನೆತ್ತಿಗೇರಿತ್ತು. ನಾಲ್ವರ ಬ್ಯಾಂಡಿನಲ್ಲಿ ಲೀಡ್ ಗಿಟಾರ್ ನನ್ನದು. ಮನೆಯಲ್ಲಿ ಒಬ್ಬಳೇ ನುಡಿಸಿದರೆ ಗೋಡೆ ಅದುರುತ್ತಿತ್ತು. ಡ್ರಮ್ಮು, ಕೀಬೋರ್ಡು ಸೇರಿದವೋ, ನನ್ನ ಗಿಟಾರಿನ ಸದ್ದೇ ನಾಪತ್ತೆ! ಕಾಲೇಜ್ ಡೇ ಹತ್ತಿರ ಬಂದಿತ್ತು. "ಭಾನುವಾರದೊಳಗೆ ಸರಿ ಮಾಡ್ಕೋ, ಇಲ್ಲಾಂದ್ರೆ ನಿನ್ನ ಲೀಡನ್ನ ಕೀಬೋರ್ಡಲ್ಲೇ ನುಡಿಸ್ತೀವಿ" ಎಂದು ಗೆಳೆಯರು ಕಡ್ಡಿ ಮುರಿದಂತೆ ಹೇಳಿದರು. ನನಗೆ ಅಳುವೇ ಬಂತು.

ಮನೆಗೆ ಬಂದು, ಸದ್ದನ್ನು ಒರಟಾಗಿಸುವ 'ಗೇನ್' ತಿರುಪನ್ನು ಇನ್ನಷ್ಟು ಏರಿಸಿದೆ. ದಪ್ಪ ಸದ್ದಿನ ಬೇಸ್, ಚೂಪು ಸದ್ದಿನ ಟ್ರೆಬಲ್ ಎರಡನ್ನೂ ತುದಿ ಮುಟ್ಟಿಸಿದೆ, ನಡುವಿನ ಮಿಡ್ಡನ್ನು ಸೊನ್ನೆಗಿಳಿಸಿದೆ. ಅತ್ತೆ ಲೇತ್ ನಿಲ್ಲಿಸಿ ನಮ್ಮ ಬಾಗಿಲಿಗೆ ಬಂದರು. ಬೈಯುತ್ತಾರೆ ಅಂದುಕೊಂಡೆ.

"ಅದೇನಮ್ಮಿ, ಜೇನ್ನೊಣ ಎದ್ದಂಗೈತೆ! ಲೇತ್ ಮೋಟ್ರು ಹಾಕುದ್ರೆ ಒಂದೂ ಕೇಳಕ್ಕಿಲ್ಲ. ಎತ್ಕೊಂಡ್ ಬಾ ನಮ್ಮನೆಗೆ" ಎಂದರು.

ಗಿಟಾರು, ಸದ್ದು ಮಾರ್ಪಡಿಸುವ ಪೆಡಲು, ಸ್ಪೀಕರಿರುವ ಆಂಪ್ ಪೆಟ್ಟಿಗೆ ಎಲ್ಲ ಹೊತ್ತುಕೊಂಡು ಹೋಗಿ ಲೇತಿನ ಪಕ್ಕ ಕೂತೆ. ಮೋಟಾರು ಗುಂಯ್ ಎನ್ನುತ್ತಿತ್ತು. ಮರದ ಹೊಟ್ಟು ತಂತಿಗಳ ಮೇಲೆಲ್ಲ ಉದುರುತ್ತಿತ್ತು. ನಾನು ನುಡಿಸಿ "ಕೇಳ್ತಾ?" ಎನ್ನುವುದು, ಅತ್ತೆ ತಲೆಯೆತ್ತದೆ "ಇಲ್ಲ" ಎನ್ನುವುದು. ಇಪ್ಪತ್ತು ಸಲವಾದರೂ "ಇಲ್ಲ" ಕೇಳಿರಬೇಕು. ಅತ್ತೆಗೆ ಮುಲಾಜೆಂಬುದೇ ಇರಲಿಲ್ಲ. ಕೊನೆಗೆ ಅರಗಿನ ಕಡ್ಡಿಯನ್ನು ತಿರುಗುವ ಬುಗುರಿಗೆ ಹಗುರವಾಗಿ ಮುಟ್ಟಿಸಿ ತೋರಿಸಿದರು.

"ಜೋರಾಗಿ ಅದುಮುದ್ರೆ ಬಣ್ಣ ಗಡ್ಡೆ ಕಟ್ತದೆ ಕಣಮ್ಮಿ. ನೀನೂ ಒಸಿ ಕಮ್ಮಿ ಮಾಡು."

ಒಲ್ಲದ ಮನಸ್ಸಿನಿಂದ ಗೇನನ್ನು ಅರ್ಧಕ್ಕಿಳಿಸಿದೆ. ಬೇಸನ್ನೂ ತಗ್ಗಿಸಿ, ಮಿಡ್ಡನ್ನು ಮೆಲ್ಲಗೆ ಏರಿಸುತ್ತ ಹೋದೆ. ಒಂದು ತಂತಿಯನ್ನು ಎಳೆದು ಹಿಡಿದೆ. ಮೋಟಾರಿನ ಸದ್ದನ್ನು ಸೀಳಿಕೊಂಡು ದಪ್ಪಗೆ, ಬೆಚ್ಚಗೆ ಒಂದು ಸ್ವರ ಎದ್ದಿತು!

"ಹ್ಞಾ... ಕೇಳ್ತು!" ಎಂದು ಅತ್ತೆ ತಲೆಯೆತ್ತಿದರು. ನಾನು ಕುಣಿದುಬಿಟ್ಟೆ. ಕಾಲೇಜ್ ಡೇ ದಿನ ಲೀಡ್ ನುಡಿಸಿದ್ದು ನಾನೇ. ಹೊಟ್ಟು ಮೆತ್ತಿದ ಸೀರೆಯಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಅತ್ತೆ, ನಾನೊಬ್ಬಳೇ ನುಡಿಸುವ ಸೋಲೋ ಮುಗಿಯುವ ಮೊದಲೇ ಚಪ್ಪಾಳೆ ತಟ್ಟಿ ಸುತ್ತಲಿದ್ದವರನ್ನೆಲ್ಲ ನಗಿಸಿದರು.

ಆಮೇಲೆ ಎಷ್ಟೋ ವೇದಿಕೆ ಹತ್ತಿದೆ. ಹೊಸ ಪೆಡಲ್ ಕೊಂಡಾಗೆಲ್ಲ ಮೊದಲು ಓಡುತ್ತಿದ್ದುದು ಅತ್ತೆಯ ಲೇತಿನ ಬಳಿಗೇ. ವರ್ಷ ಕಳೆದಂತೆ ಆ ಮೋಟಾರು ಅವರ ಕಿವಿಯನ್ನು ತಿಂದುಹಾಕಿತು. ಕೊನೆಯ ಸಲ ಹೋದಾಗ ಕೂಗಿ ಮಾತಾಡಿದರೂ ಅವರಿಗೆ ಕೇಳಿಸಲಿಲ್ಲ. ನುಡಿಸು ಎಂದು ಕೈಸನ್ನೆ ಮಾಡಿ, ಆಂಪಿನ ಮೈಮೇಲೆ ಅಂಗೈ ಇಟ್ಟರು. ನಾನು ಆವತ್ತಿನ ಅದೇ ಸ್ವರ ಹಿಡಿದೆ. ಅತ್ತೆ ಕಣ್ಣು ಮುಚ್ಚಿ ತುಸು ಹೊತ್ತು ಕಾದು, ನಕ್ಕರು.

"ಕೇಳ್ತು ಕಣಮ್ಮಿ."

ಅತ್ತೆ ತೀರಿಹೋಗಿ ಎರಡು ವರ್ಷವಾಯಿತು. ಅಂಗೈಗೆ ನಿಜಕ್ಕೂ ಕೇಳಿಸಿತೋ, ಎಂದೂ ಸುಳ್ಳೇ ಹೊಗಳದ ಆ ಬಾಯಿ ನನಗಾಗಿ ಒಂದೇ ಒಂದು ಸುಳ್ಳು ಹೇಳಿತೋ... ಈಗ ನನ್ನ ಗಿಟಾರು ಚೆನ್ನಾಗಿದೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ. "ಇಲ್ಲ" ಎನ್ನುವವರೇ ಇಲ್ಲ.