ಪಿಕ್ಸಮ್ಮನಿಗೆ ಸೋಬಾನೆ

ಹೋದ ತಿಂಗಳು ಒಂದು ಭಾನುವಾರ ನಮ್ಮ ಹಗರೆಯ ಐದು ಜನ ಅಜ್ಜಿಯರಿಗೆ ಕೂಲಿಂಗ್ ಗ್ಲಾಸ್ ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು.

ನಗಬೇಡಿ. ಸುಲಭದ ಕೆಲಸವಲ್ಲ ಅದು. ಒಬ್ಬರಿಗೆ ಆಗಷ್ಟೇ ಕಣ್ಣಿನ ಪೊರೆ ತೆಗೆದಿದ್ದರು, ಅವರು ಮಾತ್ರ ಸಲೀಸಾಗಿ ಹಾಕಿಕೊಂಡರು. (ಆಸ್ಪತ್ರೆಯಲ್ಲಿ ಕೊಟ್ಟಿದ್ದಕ್ಕಿಂತ ಇದೇ ಚೆನ್ನಾಗಿದೆ, ಇಟ್ಟುಕೊಳ್ಳಬಹುದಾ ಎಂದೂ ಕೇಳಿದರು.) ಉಳಿದವರು ಕನ್ನಡಕ ಕೈಯಲ್ಲಿ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾ ಕೂತರು. ಅತ್ತ ವಿಡಿಯೋ ಡೈರೆಕ್ಟರ್ ಹುಡುಗ ಬಿಸಿಲು ಹೋಗುತ್ತಿದೆ ಎಂದು ಕುಣಿಯುತ್ತಿದ್ದ.

ಇಷ್ಟಕ್ಕೆಲ್ಲ ಕಾರಣ ನನ್ನ ಅಣ್ಣನ ಮಗಳು ಪುಷ್ಪಲತಾ. ಆ ಹೆಸರು ನಿಮಗೆ ಗೊತ್ತಿರಲಿಕ್ಕಿಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವವರು ಇದ್ದರೆ 'ಪಿಕ್ಸಿ' ಯಾರು ಎಂದು ಕೇಳಿ ನೋಡಿ. ಅವಳೇ ಇವಳು.

ಪಿಕ್ಸಿ ಆಗುವುದಕ್ಕೆ ಮುಂಚೆ ಪುಷ್ಪ ಹಗರೆಯ ಮದುವೆ ಮನೆಗಳಲ್ಲಿ ಹೆಂಗಸರ ಜೊತೆ ಚಾಪೆ ಮೇಲೆ ಕೂತು ಸೋಬಾನೆ ಹೇಳುತ್ತಿದ್ದಳು. ಅವರ ಗುಂಪಿಗೆ ಪುಟ್ಟತಾಯಮ್ಮ ಯಜಮಾನಿ. ಎಪ್ಪತ್ತು ದಾಟಿದ ಜೀವ, ಊರಿಗೆಲ್ಲ ದೊಡ್ಡವ್ವ. ಪುಷ್ಪನ ಗಂಟಲನ್ನು ತಿದ್ದಿ ತೀಡಿದ್ದು ಅವರೇ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದೆಲ್ಲ ಅವರ ಪಕ್ಕದಲ್ಲಿ ಕೂತು ಕಲಿತದ್ದು.

ಅವಳ ಮೊದಲ ವಿಡಿಯೋ ನೆನಪಿದೆ. ಡೇರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾ ಹಾಡಿದ್ದು. ಮೈಮೇಲೆ ನೈಟಿ, ಹೆಗಲ ಮೇಲೊಂದು ಟವೆಲ್. ತಂಗಿ ಮೊಬೈಲ್‌ನಲ್ಲಿ ಹಿಡಿದಳು. ಅದು ಊರೂರು ಸುತ್ತಿತು. ಕೆಳಗೆ ಕಾಮೆಂಟು ಹಾಕಿದವರೆಲ್ಲ ನನ್ನ ವಯಸ್ಸಿನವರು, ನನಗಿಂತ ದೊಡ್ಡವರು. 'ದೇವರು ಒಳ್ಳೇದು ಮಾಡಲಿ ತಾಯಿ', 'ನಮ್ಮ ಮನೆ ಮಗಳ ಥರ ಇದೀಯಾ'. ಬೇಲೂರು ಕಡೆಯಿಂದೆಲ್ಲ ಮದುವೆಗೆ ಬಂದು ಹಾಡು ಹೇಳಿ ಎಂದು ಕರೆ ಬಂತು.

ಎರಡನೆಯದಕ್ಕೆ ಯಾರೋ ಕ್ಯಾಮೆರಾದವರು ಸಿಕ್ಕರು. ಹಳೇಬೀಡಿನ ಕೆರೆ ಏರಿ, ಹಳದಿ ಸೀರೆ, ಬಿಟ್ಟ ಕೂದಲು, ಸ್ಲೋ ಮೋಷನ್. ಕಾಮೆಂಟಿನಲ್ಲಿ ತಾಯಂದಿರು ಕಮ್ಮಿಯಾದರು, ಗಂಡು ಹುಡುಗರು ಜಾಸ್ತಿಯಾದರು. 'ಯಾವ ಊರು ನಿಮ್ಮದು', 'ಮದುವೆ ಆಗಿದೆಯಾ'. ನಮ್ಮ ಅತ್ತಿಗೆ ಅಂಥವನ್ನು ಓದಿ ಎರಡು ದಿನ ಊಟ ಬಿಟ್ಟರು.

ಮೂರನೆಯದರಲ್ಲಿ ಪುಷ್ಪ ಹೋಗಿ ಪಿಕ್ಸಿ ಬಂದಳು. ಕಪ್ಪು ಜಾಕೆಟ್, ಮೊಣಕಾಲುದ್ದದ ಬೂಟು, ಟ್ರ್ಯಾಕ್ಟರ್ ಬಾನೆಟ್ ಮೇಲೆ ಡ್ಯಾನ್ಸು. ಕಾಮೆಂಟುಗಳಲ್ಲಿ ಅಕ್ಷರಗಳೇ ಮಾಯ. ಬರೀ ಬೆಂಕಿ, ಬರೀ ಹೃದಯ. ಮದುವೆಗಳಿಂದ ಫೋನ್ ಬರುವುದು ನಿಂತು ಕಾಲೇಜ್ ಫೆಸ್ಟುಗಳಿಂದ ಬರತೊಡಗಿತು.

ಇಷ್ಟಾದರೂ ದನಿ ಬದಲಾಗಿತ್ತಾ? ನನಗೆ ಅನುಮಾನ. ನಮ್ಮ ಯಜಮಾನರು ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿರುವವರು. ಪಿಕ್ಸಿ ಅಂದರೆ ಹುಬ್ಬು ಗಂಟಿಕ್ಕುವ ಪೈಕಿ. ಒಂದು ದಿನ ಊಟಕ್ಕೆ ಬಂದಾಗ ಮೊಬೈಲನ್ನು ಬೋರಲು ಹಾಕಿ, ಟ್ರ್ಯಾಕ್ಟರ್ ಹಾಡಿನಲ್ಲಿ ಡ್ರಮ್ ನಿಂತು ಅವಳೊಬ್ಬಳೇ ಹಾಡುವ ಜಾಗ ಹಚ್ಚಿದೆ. ತುತ್ತು ನಿಲ್ಲಿಸಿ ಕೇಳಿದರು. ಜಗಲಿ ಮೇಲೆ ಹಾಡಿದ್ದಲ್ವಾ ಇದು, ಎಷ್ಟು ಚೆನ್ನಾಗಿತ್ತು ಆಗ, ಎಂದು ನಿಟ್ಟುಸಿರು ಬಿಟ್ಟರು. ಮೊಬೈಲ್ ಮಗುಚಿ ತೋರಿಸಿದೆ. ಅವರು ಮಜ್ಜಿಗೆ ಕೇಳಿದರು.

ನಾವು ಹಾಡನ್ನು ಕೇಳುತ್ತೇವಾ, ನೋಡುತ್ತೇವಾ? ಬಟ್ಟೆ ನೋಡಿ ನಮ್ಮವಳು ಅನ್ನುತ್ತೇವೆ, ಬಟ್ಟೆ ನೋಡಿಯೇ ನಮ್ಮವಳಲ್ಲ ಅನ್ನುತ್ತೇವೆ. ನಾನೇನು ಇದಕ್ಕೆ ಹೊರತಲ್ಲ. ಈ ಅಂಕಣದ ತಲೆ ಮೇಲೆ ನನ್ನ ಹಳೇ ಫೋಟೋ ಇದ್ದಾಗ ನೀವೆಲ್ಲ 'ಅಕ್ಕಾ' ಎಂದು ಬರೆಯುತ್ತಿದ್ದಿರಿ. ಕನ್ನಡಕ ತೆಗೆದು ಕೂದಲು ಕತ್ತರಿಸಿದ ಹೊಸ ಫೋಟೋ ಬಂದ ಮೇಲೆ 'ಮೇಡಂ' ಆದೆ. ಬರೆಯುವ ಕೈ ಅದೇ, ಬರೆಯುವ ವಿಷಯವೂ ಅದೇ. ಯಾಕ್ರೀ?

ಇರಲಿ. ಕೂಲಿಂಗ್ ಗ್ಲಾಸಿಗೆ ಬರುತ್ತೇನೆ.

ಈ ಸಲದ ಬೇಸಿಗೆಯಲ್ಲಿ ಹಗರೆಯಲ್ಲಿ ಪುಷ್ಪನ ಚಿಕ್ಕಮ್ಮನ ಮಗಳ ಮದುವೆ. ಚಪ್ಪರದಲ್ಲಿ ಪುಟ್ಟತಾಯಮ್ಮನ ಗುಂಪಿನ ಹೆಂಗಸರು ಹಾಡಲು ಕೂತರು. ಪುಷ್ಪ ಎಂದಿನಂತೆ ಹೋಗಿ ಚಾಪೆಯ ತುದಿಯಲ್ಲಿ ಕಾಲು ಮಡಿಸಿದಳು. ಹೆಂಗಸರು ಗಡಿಬಿಡಿಯಿಂದ ಎದ್ದರು. ನೀನು ಯಾಕವ್ವ ಇಲ್ಲಿ ಕೂತೆ, ಸೀರೆ ಮಣ್ಣಾಗುತ್ತೆ ಎಂದು ಉಪಚಾರ ಮಾಡಿ, ಯಾರನ್ನೋ ಕೂಗಿ ಒಂದು ಕುರ್ಚಿ ತರಿಸಿದರು. ಅವಳು ಕುರ್ಚಿ ಮೇಲೆ ಕೂತಳು. ಅವರು ಕೆಳಗೆ ಕೂತು ಹಾಡಿದರು. ಒಂದು ಸಾಲಿಗೂ ಅವಳ ಕಡೆ ತಿರುಗಿ ನೋಡಲಿಲ್ಲ.

ಮಾರನೇ ದಿನ ಅವಳು ನಮ್ಮ ಮನೆಗೆ ಬಂದು ಅಡುಗೆಮನೆ ಕಟ್ಟೆ ಮೇಲೆ ಕೂತು ಅತ್ತಳು. "ಬೈದಿದ್ರೆ ಪರವಾಗಿರ್ಲಿಲ್ಲ ಅತ್ತೆ. ಕುರ್ಚಿ ಕೊಟ್ರು."

ಲಕ್ಷಾಂತರ ಜನ ನೋಡುವ ಹುಡುಗಿಗೆ ಆ ಚಾಪೆಯ ಒಂದು ತುದಿ ಬೇಕಾಗಿತ್ತು. ಮುಂದಿನ ವಿಡಿಯೋದಲ್ಲಿ ಅವರನ್ನೆಲ್ಲ ಕೂರಿಸಿ ಹಾಡಿಸಿಬಿಡುತ್ತೇನೆ, ಆಮೇಲೆ ನನ್ನನ್ನು ಹೊರಗಿನವಳು ಅನ್ನಲ್ಲ, ನೀವು ಹೋಗಿ ಒಪ್ಪಿಸಿ ಅತ್ತೆ ಎಂದು ನನ್ನ ಬೆನ್ನು ಬಿದ್ದಳು. ನಾನೇ ಹಗರೆಗೆ ಹೋಗಿ ಪುಟ್ಟತಾಯಮ್ಮನವರನ್ನು ಒಪ್ಪಿಸಿದೆ. ಪುಷ್ಪನ ಹಾಡಿನ ನಡುವೆ ನಿಮ್ಮ ಹಾಡು ಬರುತ್ತದೆ ಎಂದು ಮಾತು ಕೊಟ್ಟವಳೂ ನಾನೇ.

ಶೂಟಿಂಗು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಒಂದು ಹೆಂಚಿನ ಮನೆಯ ಅಂಗಳದಲ್ಲಿ. (ಅಲ್ಲಿನ ಬಸದಿಗಳ ಹತ್ತಿರ ಕ್ಯಾಮೆರಾ ಇಡಲು ಪರ್ಮಿಷನ್ ಸಿಗಲಿಲ್ಲ. ಒಳ್ಳೆಯದೇ ಆಯಿತು, ಅಲ್ಲೂ ಟ್ರ್ಯಾಕ್ಟರ್ ನಿಲ್ಲಿಸಿಬಿಡುತ್ತಿದ್ದರು.) ನಾನು ಅರಸೀಕೆರೆಯಿಂದ ಜಾವಗಲ್ ಮೇಲೆ ಬಸ್ಸಿನಲ್ಲಿ ಹೋದೆ. ಅಜ್ಜಿಯರು ಹಗರೆಯಿಂದ ವ್ಯಾನಿನಲ್ಲಿ ಬಂದು ಇಳಿದರು. ಇಳಿದದ್ದು ನೋಡಿ ಡೈರೆಕ್ಟರ್ ಹುಡುಗ ತಲೆ ಮೇಲೆ ಕೈ ಹೊತ್ತ.

ವಿಡಿಯೋ ಅಂದರೆ ನಮ್ಮ ಕಡೆ ಮದುವೆ ವಿಡಿಯೋ. ಐವರೂ ಪೆಟ್ಟಿಗೆಯಿಂದ ಜರಿ ಸೀರೆ ತೆಗೆದು ಉಟ್ಟಿದ್ದರು. ಮುಖಕ್ಕೆ ಪೌಡರ್, ತಲೆ ತುಂಬ ಹೂವು, ಕೈಯಲ್ಲಿ ಕರ್ಚೀಫು. ಡೈರೆಕ್ಟರ್‌ಗೆ ಬೇಕಾಗಿದ್ದು 'ಹಳ್ಳಿ ಲುಕ್'. ಅದಕ್ಕೆಂದೇ ಬಾಡಿಗೆಗೆ ಇಳಕಲ್ ಸೀರೆ ತಂದಿದ್ದ, ಮೂಗಿಗೆ ದೊಡ್ಡ ನತ್ತು ತಂದಿದ್ದ. ಹಾಸನ ಸೀಮೆಯ ಅಜ್ಜಿಯರಿಗೆ ಇಳಕಲ್ ಸೀರೆ! ನಮ್ಮ ಕಡೆ ಇದನ್ನು ಯಾರೂ ಉಡಲ್ಲಪ್ಪ ಎಂದೆ. ಯಾರಿಗೆ ಗೊತ್ತಾಗುತ್ತೆ ಮೇಡಂ ಎಂದ. ಪುಣ್ಯಕ್ಕೆ ಅಜ್ಜಿಯರಿಗೆ ಗೊತ್ತಾಯಿತು. ಉಟ್ಟ ಸೀರೆ ಬಿಚ್ಚುವುದಿಲ್ಲ ಎಂದು ಕೂತರು. ಕೊನೆಗೆ ಸೀರೆ ಅವರದು, ಕನ್ನಡಕ ಅವನದು ಎಂದು ರಾಜಿಯಾಯಿತು.

ನಿಜವಾದ ತಕರಾರು ಶುರುವಾಗಿದ್ದು ಆಮೇಲೆ. ಅಂಗಳದ ನಡುವೆ ಹಸೆ ಬರೆದು ಮಣೆ ಇಟ್ಟಿದ್ದರು. ಮೇಲಿಂದ ಡ್ರೋನ್ ಇಳಿಯುತ್ತದೆ, ನೀವು ಅದನ್ನೇ ನೋಡುತ್ತಾ ಹಾಡಿ ಎಂದರು. ಪುಟ್ಟತಾಯಮ್ಮ ಬಾಯಿ ಬಿಡಲಿಲ್ಲ. ಡೈರೆಕ್ಟರ್ ಒಂದು ಸಲ ಹೇಳಿದ, ಎರಡು ಸಲ ಹೇಳಿದ. ಅವರು ಕನ್ನಡಕ ಹಣೆಗೆ ಏರಿಸಿ ನನ್ನ ಕಡೆ ತಿರುಗಿದರು.

"ಯಾರ್ಗೆ ಹಾಡೋದವ್ವ? ಮಣೆ ಮ್ಯಾಲೆ ಯಾರೂ ಇಲ್ವಲ್ಲ."

ಸೋಬಾನೆ ಕೂತವರಿಗೆ ಹೇಳುವ ಹಾಡು. ಮದುಮಗನೋ ಮದುಮಗಳೋ, ಆರತಿಗೆ ಕೂತ ಹುಡುಗಿಯೋ, ಬಸುರಿಯೋ, ಯಾರಾದರೂ ಹಸೆಯ ಮೇಲೆ ಇರಬೇಕು. ಅವರ ಹೆಸರು ಹಾಡಿನಲ್ಲಿ ಬರಬೇಕು. ಬರಿ ಮಣೆಗೆ ಹಾಡಿದರೆ ಒಳ್ಳೆಯದಲ್ಲ ಎಂದು ಉಳಿದ ನಾಲ್ವರೂ ತಲೆಯಾಡಿಸಿದರು. ಡೈರೆಕ್ಟರ್ ನನ್ನನ್ನು ನೋಡಿದ. ನಾನು ಡ್ರೋನ್ ನೋಡಿದೆ. ನೆತ್ತಿ ಮೇಲೆ ಅದು ಗುಂಯ್‌ಗುಟ್ಟುತ್ತಲೇ ಇತ್ತು.

ಆಗ ಪುಷ್ಪ ಬೂಟು ಬಿಚ್ಚಿದಳು. ಜಾಕೆಟ್ ಹಾಕಿಕೊಂಡೇ ಬರಿಗಾಲಲ್ಲಿ ಹೋಗಿ ಮಣೆ ಮೇಲೆ ಕೂತಳು.

ಅಜ್ಜಿಯರು ಶುರು ಮಾಡಿದರು. ಮೊದಲು ಮೆಲ್ಲಗೆ, ಆಮೇಲೆ ಅಂಗಳ ತುಂಬುವಂತೆ. ನನಗೆ ಒಂದೇ ಆತಂಕ. ಹೆಸರು ಬರುವ ಜಾಗ ಬಂದಾಗ ಏನು ಹೇಳುತ್ತಾರೆ? ಪುಷ್ಪ ಅಂದರೆ ಡೈರೆಕ್ಟರ್ ಕಟ್ ಅನ್ನುತ್ತಾನೆ. ಏನೂ ಅನ್ನದೆ ದಾಟಿಸಿಬಿಟ್ಟರೆ ಈ ಹುಡುಗಿ ಮತ್ತೆ ನಮ್ಮ ಅಡುಗೆಮನೆ ಕಟ್ಟೆ ಹತ್ತುತ್ತಾಳೆ. ಆ ಸಾಲು ಬಂತು. ಪುಟ್ಟತಾಯಮ್ಮ ಒಂಚೂರೂ ತಡೆಯದೆ 'ನಮ್ಮ ಪಿಕ್ಸಮ್ಮ' ಎಂದು ಎತ್ತಿದರು. ಉಳಿದ ನಾಲ್ವರೂ 'ನಮ್ಮ ಪಿಕ್ಸಮ್ಮ' ಎಂದು ಹಿಡಿದರು.

ಪುಷ್ಪ ತಲೆ ಬಗ್ಗಿಸಿದಳು. ಮೇಕಪ್ ಹುಡುಗಿ ಕಾಜಲ್ ಇಳಿಯುತ್ತಿದೆ ಎಂದು ಓಡಿದಳು. ನನ್ನ ಕಣ್ಣಲ್ಲೂ ನೀರು ಬಂತು. ಅಷ್ಟು ಖುಷಿಯಾಗಿತ್ತು ನನಗೆ.

ಆಮೇಲೆ ಕೇಳಿದೆ, ಆ ಹೆಸರು ಯಾಕೆ ಹಾಕಿದಿರಿ ದೊಡ್ಡವ್ವ ಎಂದು. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು. "ಈಗ ಎಲ್ರೂ ಹಂಗೇ ಕರೀತಾರಲ್ಲವ್ವ. ಮಗು ಯಾವ ಹೆಸ್ರಲ್ಲಿ ಬಾಳ್ತೈತೋ ಆ ಹೆಸ್ರಿಗೇ ಒಳ್ಳೇದಾಗ್ಲಿ ಅನ್ಬೇಕು."

ಮಧ್ಯಾಹ್ನ ಊಟಕ್ಕೆ ಅಂಗಳದಲ್ಲಿ ಬೇಕಾದಷ್ಟು ಕುರ್ಚಿಗಳಿದ್ದವು. ಅಜ್ಜಿಯರು ಅವಳನ್ನು ಕೈ ಹಿಡಿದು ಎಳೆದು ಚಾಪೆ ಮೇಲೆ ತಮ್ಮ ನಡುವೆ ಕೂರಿಸಿಕೊಂಡರು. ಚಿತ್ರಾನ್ನ ತಿನ್ನುತ್ತಾ ಅವಳು ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಎಷ್ಟು ಚೆಂದದ ಅಂಕಣ ಆಗುತ್ತಿತ್ತು, ಅಲ್ಲವಾ?

ಹೋದ ವಾರ ಪುಷ್ಪ ವಿಡಿಯೋ ಕಳಿಸಿದಳು. ಇನ್ನೂ ಬಿಡುಗಡೆಯಾಗಿಲ್ಲ, ಮನೆಯವರು ಮಾತ್ರ ನೋಡಿ ಎಂದು ಬರೆದಿದ್ದಳು. ನೋಡಿದೆ. ಟ್ರ್ಯಾಕ್ಟರ್ ಇದೆ, ಕೆರೆ ಇದೆ, ಜಾಕೆಟ್ ಇದೆ. ಅಜ್ಜಿಯರೂ ಇದ್ದಾರೆ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಾಯಿ ಆಡಿಸುತ್ತಾರೆ, ತಲೆ ಆಡಿಸುತ್ತಾರೆ. ಅವರ ದನಿ ಇಲ್ಲ. ಅವರ ಬಾಯಿ ಆಡುವಷ್ಟು ಹೊತ್ತೂ ಢಬ್ ಢಬ್ ಎಂದು ಬೀಟ್ ಬರುತ್ತದೆ.

ಫೋನ್ ಮಾಡಿದೆ. ಅವಳು ಎಲ್ಲಕ್ಕೂ ತಯಾರಾಗಿದ್ದಳು. ಒಂದಷ್ಟು ಹುಡುಗರಿಗೆ ಮೊದಲೇ ತೋರಿಸಿ ನೋಡಿದರಂತೆ. ಸೋಬಾನೆ ಬರುವ ಜಾಗಕ್ಕೆ ಸರಿಯಾಗಿ ಸ್ವೈಪ್ ಮಾಡಿಬಿಡುತ್ತಾರಂತೆ. ಡೈರೆಕ್ಟರ್ ಹೇಳಿದನಂತೆ, ಟೀಮ್ ಹೇಳಿತಂತೆ. ಅಜ್ಜಿಯರ ಹಾಡು ಸೇರಿಸಿದ ಇನ್ನೊಂದು ವಿಡಿಯೋನೂ ರೆಡಿ ಇದೆಯಂತೆ, ಯಾವುದು ಬಿಡಬೇಕು ಅನ್ನುವುದು ಅವಳ ಕೈಯಲ್ಲೇ ಇದೆಯಂತೆ. ಕೊನೆಗೆ ಕೇಳಿದಳು. "ಅಜ್ಜಿ ಮುಖ ಇದೆಯಲ್ಲ ಅತ್ತೆ, ಅಷ್ಟು ಸಾಕಲ್ವಾ?"

ನಾನು ಹೂಂ ಅನ್ನಲಿ ಎಂದು ಕಾಯುತ್ತಿದ್ದಳು. ಒಲೆ ಮೇಲೆ ಹಾಲಿದೆ ಎಂದು ಫೋನ್ ಇಟ್ಟೆ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಲಿ? ಅವಳು ದುಡಿದು ಮೇಲೆ ಬಂದ ಹುಡುಗಿ. ಆ ಹುಡುಗರು ಕೈಬಿಟ್ಟರೆ ಪಿಕ್ಸಿ ಎಲ್ಲಿರುತ್ತಾಳೆ? ಅದೂ ನಿಜವೇ. ಅವತ್ತಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಹಾಲು ಉಕ್ಕಿಸಿದ್ದೇನೆ, ಸಾರಿಗೆ ಉಪ್ಪು ಮರೆತಿದ್ದೇನೆ. ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಪಡಸಾಲೆಗೆ ಮೊಬೈಲ್ ಹಿಡಿದು ತಿರುಗುತ್ತಿದ್ದೇನೆ. ಮಾತು ಕೊಟ್ಟವಳು ನಾನಲ್ಲವಾ?

ತಡೆಯಲಾಗದೆ ಭಾನುವಾರ ಹಗರೆಗೆ ಹೋದೆ. ತೋರಿಸಬಾರದಿತ್ತು. ಆದರೆ ನಾನು ಬಂದೆ ಅನ್ನುವುದೇ ತಡ, ಪುಟ್ಟತಾಯಮ್ಮ ಉಳಿದವರನ್ನೆಲ್ಲ ಕೂಗಿ ಕರೆದರು. ಐವರೂ ನನ್ನ ಮೊಬೈಲಿನ ಮೇಲೆ ಬಗ್ಗಿದರು. ತಮ್ಮ ಮುಖ ಕಂಡಾಗ ಬಿದ್ದು ಬಿದ್ದು ನಕ್ಕರು. ಕಣ್ಣಿನ ಆಪರೇಷನ್ ಆದವರು ಕನ್ನಡಕ ತಮಗೇ ಚೆನ್ನಾಗಿ ಒಪ್ಪಿದೆ ಅಂದರು. ಪುಟ್ಟತಾಯಮ್ಮ ಮಾತ್ರ ನಗು ನಿಲ್ಲಿಸಿ ಕಿವಿಯನ್ನು ಮೊಬೈಲಿಗೆ ಒತ್ತಿದರು.

"ದನಿ ಬತ್ತಿಲ್ಲ ಕಣವ್ವ. ಸೌಂಡ್ ಜಾಸ್ತಿ ಮಾಡು."

ಮಾಡಿದೆ. ಬೀಟ್ ಜೋರಾಯಿತು. ಇನ್ನೂ ಮಾಡು ಎಂದರು. ಇನ್ನೂ ಮಾಡಿದೆ. ಜಗಲಿ ಅದುರಿತು. ಪರದೆಯಲ್ಲಿ ಅವರ ಬಾಯಿ ಆಡುತ್ತಿತ್ತು. ಈ ಕಡೆ ಅವರೇ ಮೆಲ್ಲಗೆ ಆ ಸಾಲು ಗುನುಗಿ, ತಮ್ಮ ಬಾಯಿಗೆ ತಾವೇ ದನಿ ಹೊಂದಿಸಿ ನೋಡಿದರು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟು ಸಮಾಧಾನ ಹೇಳಿದರು, ನನಗೆ. "ನಿನ್ ಮೊಬೈಲು ಕೆಟ್ಟೈತೆ. ನಮ್ಮ ಪಿಕ್ಸಮ್ಮಂಗೆ ಹೇಳು, ಒಂದು ಹೊಸದು ಕೊಡಿಸ್ತಾಳೆ."

ಬಸ್‌ಸ್ಟಾಪಿನಿಂದಲೇ ಪುಷ್ಪನಿಗೆ ಫೋನ್ ಮಾಡಿ ಈ ಮಾತನ್ನು ಇದ್ದ ಹಾಗೇ ಹೇಳಿದೆ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಯಾವ ವಿಡಿಯೋ ಬಿಡುತ್ತೀಯಾ ಎಂದೂ ಕೇಳಲಿಲ್ಲ. ಬಸ್ಸು ಬಂತು, ಇಟ್ಟೆ.

ಈ ಅಂಕಣ ಪೇಪರಿನಲ್ಲಿ ಬರುವುದು ಬುಧವಾರ. ವಿಡಿಯೋ ಬಿಡುಗಡೆ ಶುಕ್ರವಾರ. ಅವತ್ತು ಸಂಜೆ ಪುಟ್ಟತಾಯಮ್ಮನ ಜಗಲಿಯಲ್ಲಿ ಎಲ್ಲರೂ ಸೇರಿ ನೋಡುವುದು ಎಂದು ಆಗಲೇ ಗೊತ್ತು ಮಾಡಿದ್ದಾರೆ, ನನಗೂ ಬಾ ಎಂದಿದ್ದಾರೆ.

ಹೇಳು ಪಿಕ್ಸಮ್ಮ, ಅಷ್ಟರೊಳಗೆ ನಾನೊಂದು ಹೊಸ ಮೊಬೈಲು ಕೊಳ್ಳಬೇಕಾ?